ಕೊಚ್ಚಿ ನೋಡಿ ಬಂದ ಮೇಲೆ ನಮ್ಮ ಮಡಿಕೇರಿ ಬಗ್ಗೆ ಒಂದು ಮಾತು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕರಿಮೆಣಸಿನ ಕೊಯ್ಲು ಮುಗಿಸಿ ನಾನು, ನನ್ನ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗ ಮೂವರೂ ಕೊಚ್ಚಿಗೆ ಹೋಗಿ ಬಂದೆವು. ಎರಡೇ ದಿನದ ಪ್ರವಾಸ, ಅದೂ ಆರು ಸಾವಿರ ರೂಪಾಯಿಯೊಳಗೆ ಮುಗಿಸಬೇಕು ಅಂತ ಲೆಕ್ಕ ಹಾಕಿಕೊಂಡು ಹೊರಟಿದ್ದು. ದುಡ್ಡೇನೋ ಲೆಕ್ಕದೊಳಗೇ ಉಳಿಯಿತು. ಆದರೆ ಮನಸ್ಸಿಗೆ ಬೇಜಾರಾಯಿತು. ಆ ಬೇಜಾರು ಬರೀ ಕೊಚ್ಚಿಯದ್ದಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ, ಅದು ನಮ್ಮ ಊರಿಗೂ ಸೇರಿದ್ದು.

ನಮ್ಮ ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ರೈಲು ಹತ್ತಬೇಕಾದರೆ ಮಡಿಕೇರಿ, ಕುಶಾಲನಗರ ಕಡೆಯವರು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ, ವಿರಾಜಪೇಟೆ ಕಡೆಯವರಾದ ನಮಗೆ ಮಾಕುಟ್ಟ ಘಾಟಿ ಇಳಿದರೆ ತಲಶ್ಶೇರಿಯೇ ಹತ್ತಿರ. ಕೊಡಗಿಗೆ ರೈಲು ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಪತ್ರ ಬೇಕು. ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ, ಸಂಜೆ ತಲಶ್ಶೇರಿ ಸೇರಿ, ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹಿಡಿದೆವು. ಸ್ಲೀಪರ್ ಟಿಕೆಟ್ಟು ಒಬ್ಬರಿಗೆ ಇನ್ನೂರರ ಆಸುಪಾಸು. ಬೆಳಗಿನ ಜಾವ ಎರ್ನಾಕುಲಂ, ಕೊಚ್ಚಿಗೆ ಹೋಗುವವರು ಇಳಿಯುವುದು ಅಲ್ಲೇ.

ಕೊಚ್ಚಿಯೇ ಯಾಕೆ ಅಂದರೆ ಅದಕ್ಕೊಂದು ಕಾರಣ ಇದೆ. ಮೆಣಸು ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಕೊಚ್ಚಿ ಅಂದರೆ ಮೊದಲು ಊರಲ್ಲ, ದರ. ನಮ್ಮ ಅಪ್ಪ ಪೇಪರ್ ಕೈಗೆ ಬಂದ ಕೂಡಲೇ ನೋಡುತ್ತಿದ್ದದ್ದು ಕೊಚ್ಚಿ ಮಾರುಕಟ್ಟೆಯ ಎರಡು ಸಾಲು. ಗಾರ್ಬಲ್ಡ್ ಇಷ್ಟು, ಅನ್‌ಗಾರ್ಬಲ್ಡ್ ಇಷ್ಟು. ಗಾರ್ಬಲ್ಡ್ ಅಂದರೆ ಕಸ, ಜೊಳ್ಳು ತೆಗೆದು ಹಸನು ಮಾಡಿದ ಮೆಣಸು ಅಂತ ಅವರು ನನಗೆ ಹೇಳಿಕೊಟ್ಟಾಗ ನಾನಿನ್ನೂ ಎರಡನೇ ಕ್ಲಾಸು. ಮೆಣಸು ಮಾರಬೇಕೋ, ಇನ್ನೂ ಒಂದು ತಿಂಗಳು ಚೀಲದಲ್ಲೇ ಇಡಬೇಕೋ ಅನ್ನುವುದನ್ನು ಆ ಎರಡು ಸಾಲು ನೋಡಿಯೇ ತೀರ್ಮಾನ ಮಾಡುತ್ತಿದ್ದರು. ಅಪ್ಪ ಒಂದು ಸಲವೂ ಕೊಚ್ಚಿ ನೋಡಲಿಲ್ಲ. ಹಾಗಾಗಿ ಆ ಊರನ್ನು ನಾನಾದರೂ ನೋಡಬೇಕು ಅಂತ ಎಷ್ಟೋ ವರ್ಷದಿಂದ ಮನಸ್ಸಲ್ಲಿತ್ತು.

ಮೊದಲ ಪೆಟ್ಟು ಲಾಡ್ಜಿನದು. ಮೊಬೈಲಲ್ಲಿ ಬುಕ್ ಮಾಡುವಾಗ ಕಡಲಿಗೆ ಐದು ನಿಮಿಷ, ಹಳೇ ಡಚ್ ಮನೆ ಅಂತ ಫೋಟೋ ಹಾಕಿದ್ದರು. ಹೋಗಿ ನೋಡಿದರೆ ಕಿಟಕಿ ತೆಗೆಯುವ ಹಾಗಿಲ್ಲ, ಹಿಂದೆಯೇ ನಿಂತ ನೀರಿನ ಚರಂಡಿ. ಕಡಲಿಗೆ ನಡೆದು ಹೋಗಲು ಇಪ್ಪತ್ತೈದು ನಿಮಿಷ. ನಮ್ಮ ಕೊಡಗಿನ ಮೈಗೆ ಆ ಸೆಕೆ ಬೇರೆ. ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಚೀನೀ ಬಲೆಗಳನ್ನು ನೋಡಲು ಹೋದೆವು. ಕೊಚ್ಚಿ ಅಂದರೆ ಎಲ್ಲ ಕಡೆ ಅದೇ ಚಿತ್ರ ಅಲ್ವಾ? ಸೂರ್ಯ ಮುಳುಗುವ ಹೊತ್ತಿನಲ್ಲಿ ನೀರಿನ ಮೇಲೆ ಬಾಗಿದ ದೊಡ್ಡ ಬಲೆ. ಅಲ್ಲಿ ಮರದ ಕಂಬಗಳು ಲಡ್ಡಾಗಿ, ಬಲೆಯೇ ಇಲ್ಲದೆ ಬರೀ ಚೌಕಟ್ಟು ನಿಂತದ್ದೂ ಇತ್ತು. ಒಂದು ಮಾತ್ರ ನಮ್ಮ ಮುಂದೆಯೇ ಇಳಿಸಿ ಎತ್ತಿದರು. ಐದು ಜನ ಸೇರಿ, ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದ ಮೇಲೆ ಎಳೆಯುವ ಆ ಕೆಲಸ ನೋಡಲು ನಿಜಕ್ಕೂ ಚಂದ. ಬಲೆ ಮೇಲೆ ಬಂತು. ಒಳಗೆ ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಹರಿದ ಚಪ್ಪಲಿ, ಬೆರಳುದ್ದದ ನಾಲ್ಕೈದು ಮೀನು. ವಯಸ್ಸಾದ ಮೀನುಗಾರರೊಬ್ಬರು ಬಗ್ಗಿ ಮೀನನ್ನು ಬುಟ್ಟಿಗೆ ಹಾಕಿ, ಬಾಟಲಿಗಳನ್ನು ಪಕ್ಕದಲ್ಲಿದ್ದ ರಾಶಿಗೆ ಎಸೆದರು. ಆ ರಾಶಿ ಅವರ ಮೊಣಕಾಲಿನಷ್ಟು ಎತ್ತರ ಇತ್ತು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರ ಹೊಟ್ಟೆಪಾಡಿನ ಬಲೆಯ ಫೋಟೋ ತೋರಿಸಿ ಇಡೀ ಊರು ಪ್ರವಾಸಿಗರನ್ನು ಕರೆಯುತ್ತದೆ, ಆ ಬಲೆಯ ಕಂಬ ಮಾತ್ರ ಲಡ್ಡಾಗುತ್ತಲೇ ಇದೆ.

ಆಮೇಲೆ ಕೊಚ್ಚಿಯ ಹಳೇ ಪೇಟೆ ಮಟ್ಟಾಂಚೇರಿ. ಮಗನಿಗೆ ಅಲ್ಲಿನ ಯಹೂದಿಗಳ ಪ್ರಾರ್ಥನಾ ಮಂದಿರ ನೋಡಬೇಕು ಅಂತ ತುಂಬಾ ಆಸೆ. 1568ರಲ್ಲಿ ಕಟ್ಟಿದ್ದು, ನೆಲಕ್ಕೆ ಹಾಕಿರುವುದು ಚೀನಾದಿಂದ ತಂದ ನೀಲಿ ಬಣ್ಣದ ಟೈಲ್ಸ್, ಕೈಯಲ್ಲೇ ಚಿತ್ರ ಬರೆದದ್ದರಿಂದ ಒಂದರ ಹಾಗೆ ಇನ್ನೊಂದು ಇಲ್ಲ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರಂತೆ. ಬಸ್ಸಿಳಿದು, ಬಿಸಿಲಲ್ಲಿ ನಡೆದು, ಅಂಗಡಿ ಸಾಲಿನ ಕೊನೆಯಲ್ಲಿದ್ದ ಆ ಬಾಗಿಲಿಗೆ ಹೋದರೆ ಬೀಗ. ಶನಿವಾರ ಅವರಿಗೆ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿಯ ದಿನ, ಪ್ರವಾಸಿಗರಿಗೆ ಪ್ರವೇಶ ಇಲ್ಲ. ಅದು ಅವರ ಧರ್ಮದ ನಿಯಮ, ಪೂರ್ತಿ ಒಪ್ಪಬೇಕಾದದ್ದೇ. ಬೇಜಾರಾದದ್ದು ಬೇರೆ ಕಾರಣಕ್ಕೆ. ಬೆಳಿಗ್ಗೆಯಿಂದ ಲಾಡ್ಜಿನವರು, ಆಟೋದವರು, ಮ್ಯಾಪ್ ಮಾರುವ ಹುಡುಗ, ಅಷ್ಟು ಜನರಿಗೆ ನಾವು ಅಲ್ಲಿಗೇ ಹೋಗುವುದು ಅಂತ ಹೇಳಿದ್ದೆವು. ಒಬ್ಬರೂ ಇವತ್ತು ಮುಚ್ಚಿರುತ್ತದೆ ಅನ್ನಲಿಲ್ಲ. ಕಾರಲ್ಲಿ ಬಂದವರು ಮಾರನೇ ದಿನ ಮತ್ತೆ ಬಂದಾರು. ನಮಗೆ ಭಾನುವಾರ ಬೆಳಗಿನ ರೈಲು ಹಿಡಿಯದಿದ್ದರೆ ತಲಶ್ಶೇರಿಯಿಂದ ವಿರಾಜಪೇಟೆಗೆ ಬಸ್ಸು ಸಿಗುವುದಿಲ್ಲ, ಇನ್ನೊಂದು ರಾತ್ರಿಯ ಲಾಡ್ಜ್ ದುಡ್ಡು ಕೈಯಲ್ಲಿಲ್ಲ. ಕಡಿಮೆ ದುಡ್ಡಲ್ಲಿ ಬಂದವನಿಗೆ ಎರಡನೇ ಚಾನ್ಸ್ ಇಲ್ಲ. ಮಗ ಏನೂ ಮಾತಾಡಲಿಲ್ಲ, ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ಸ್ವಲ್ಪ ಹೊತ್ತು ನಿಂತಿದ್ದ.

ಅದೇ ಬೀದಿಯಲ್ಲಿ ಮಸಾಲೆ ಅಂಗಡಿಗಳ ಸಾಲು. ಒಂದು ಕಾಲದಲ್ಲಿ ಇದೇ ಮಟ್ಟಾಂಚೇರಿಯ ಮೆಣಸಿನ ವಹಿವಾಟಿನ ಹಾಲ್‌ನಲ್ಲಿ ವ್ಯಾಪಾರಿಗಳು ನಿಂತು ಕೂಗಿ ಕೂಗಿ ದರ ಹಿಡಿಯುತ್ತಿದ್ದರು. ಅಪ್ಪ ಕಾಯುತ್ತಿದ್ದ ಆ ಎರಡು ಸಾಲು ಬರುತ್ತಿದ್ದದ್ದು ಇಲ್ಲಿಂದಲೇ. ಈಗ ಆ ಕೂಗು ಇಲ್ಲ. ಒಂದು ಅಂಗಡಿಯಲ್ಲಿ ಚಂದದ ಬಟ್ಟೆ ಚೀಲದಲ್ಲಿ ಮೆಣಸು ಇಟ್ಟಿದ್ದರು, ನಮ್ಮೂರ ವ್ಯಾಪಾರಿ ನಮಗೆ ಕೊಡುವ ದರಕ್ಕಿಂತ ಎರಡೂವರೆ ಪಟ್ಟು ಜಾಸ್ತಿ. ಸ್ಯಾಂಪಲ್ ಕೇಳಿ ಅಂಗೈಗೆ ಹಾಕಿಸಿಕೊಂಡೆ. ಕಾಳು ಒಂದೇ ಸಮ ಇರಲಿಲ್ಲ. ಬೆರಳಲ್ಲಿ ಒತ್ತಿದರೆ ಅರ್ಧಕ್ಕರ್ಧ ಪುಡಿಯಾಯಿತು, ಬರೀ ಜೊಳ್ಳು. ನಮ್ಮ ತೋಟದ ಪಣಿಯೂರು ತಳಿಯ ಬಳ್ಳಿಯ ಕಾಳನ್ನು ಇಷ್ಟು ಹಗುರ ಇದ್ದರೆ ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಗೆ ಬರಬೇಕಾದ ತೂಕ, ಬರುವುದಿಲ್ಲ ಅಂತ ವ್ಯಾಪಾರಿ ಗೇಟಿನಲ್ಲೇ ವಾಪಸ್ ಕಳಿಸುತ್ತಾನೆ. ಎಲ್ಲಿಯ ಮೆಣಸು ಅಂತ ಕೇಳಿದೆ. ಚೀಲದ ಮೇಲೆ ಬರೆದ ಹೆಸರನ್ನೇ ಓದಿ ಹೇಳಿದರು.

ಒಳ್ಳೆಯದನ್ನೂ ಹೇಳಬೇಕು. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ದೋಣಿ ಹತ್ತು ರೂಪಾಯಿಯೊಳಗೆ ಕರೆದುಕೊಂಡು ಹೋಗುತ್ತದೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೋದಲ್ಲೂ ವಾಪಸ್ ಬರುವಾಗ ಕೂತೆವು, ಬ್ಯಾಟರಿಯಲ್ಲಿ ಓಡುವ ದೋಣಿ, ಹೊಗೆಯಿಲ್ಲ, ಗಲಾಟೆಯಿಲ್ಲ. ಮಟ್ಟಾಂಚೇರಿ ಅರಮನೆಯ ಗೋಡೆಯಲ್ಲಿನ ರಾಮಾಯಣದ ಚಿತ್ರಗಳ ಮುಂದೆ ನನ್ನ ಹೆಂಡತಿ ಮುಕ್ಕಾಲು ಗಂಟೆ ಕೂತಿದ್ದಳು. ಅದಕ್ಕೆ ಜಾಹೀರಾತೂ ಅಷ್ಟಿಲ್ಲ, ಜನರೂ ಜಾಸ್ತಿ ಇರಲಿಲ್ಲ. ಇಡೀ ಪ್ರವಾಸದಲ್ಲಿ ನಮ್ಮ ದುಡ್ಡಿಗೆ ನ್ಯಾಯ ಸಿಕ್ಕಿದ್ದು ಈ ಮೂರು ಕಡೆ.

ವಾಪಸ್ ಬರುವಾಗ ಜನರಲ್ ಬೋಗಿಯಲ್ಲಿ, ಟಿಕೆಟ್ಟು ನೂರು ರೂಪಾಯಿಯೊಳಗೆ, ಶೊರನೂರಿನ ತನಕ ನಿಂತೇ ಬಂದೆವು. ಸೀಟು ಸಿಕ್ಕ ಮೇಲೆ ನಾನು ಕೊಚ್ಚಿಯನ್ನು ಬೈಯಲು ಶುರು ಮಾಡಿದೆ. ಆಗ ಹೆಂಡತಿ ಒಂದು ಮಾತು ಹೇಳಿದಳು. "ನಮ್ಮಲ್ಲಿಗೆ ಬರುವವರು ವಾಪಸ್ ಹೋಗುವಾಗ ಬಸ್ಸಲ್ಲಿ ಇದನ್ನೇ ಮಾತಾಡಿಕೊಳ್ಳುವುದಿಲ್ವಾ?" ನನ್ನ ಬಾಯಿ ಕಟ್ಟಿಹೋಯಿತು.

ಅವಳು ಹೇಳಿದ್ದು ನಿಜ. ಕೊಚ್ಚಿಯನ್ನು ಅರಬ್ಬೀ ಸಮುದ್ರದ ರಾಣಿ ಅನ್ನುತ್ತಾರೆ, ನಮ್ಮನ್ನು ಭಾರತದ ಸ್ಕಾಟ್ಲೆಂಡ್ ಅನ್ನುತ್ತಾರೆ. ಆ ಹೆಸರು ಕೇಳಿ ಏಪ್ರಿಲ್‌ನಲ್ಲಿ ಅಬ್ಬಿ ಜಲಪಾತಕ್ಕೆ ಬಂದವರಿಗೆ ಬಂಡೆಯ ಮೇಲೆ ಸಣ್ಣ ನೀರಿನ ಎಳೆ ಕಾಣುತ್ತದೆ. ಮಳೆಗಾಲದಲ್ಲಿ ದುಬಾರೆಗೆ ಬಂದರೆ ಕಾವೇರಿ ತುಂಬಿದಾಗ ದೋಣಿ ನಿಲ್ಲಿಸಿರುತ್ತಾರೆ, ಆನೆ ಶಿಬಿರ ಆಚೆ ದಡದಲ್ಲಿ, ಬಂದವರು ಈಚೆ ದಡದಲ್ಲಿ. ಮಾಂದಲಪಟ್ಟಿ ಬೆಟ್ಟಕ್ಕೆ ಬಸ್ಸಿಲ್ಲ, ಜೀಪ್ ಮಾಡಿಕೊಂಡೇ ಹೋಗಬೇಕು, ಇಬ್ಬರೇ ಬಂದ ಬಡ ಹುಡುಗರಿಗೆ ಆ ಬಾಡಿಗೆ ಒಂದು ದಿನದ ಪೂರ್ತಿ ಖರ್ಚು. ರಾಜಾಸೀಟಿನಲ್ಲಿ ವಾರಾಂತ್ಯದ ಸಂಜೆ ನಿಲ್ಲಲು ಜಾಗ ಇಲ್ಲ. ಇನ್ನು ದಾರಿ ಬದಿಯ ಅಂಗಡಿಗಳ ವಿಷಯ. ಕೂರ್ಗ್ ಕಾಫಿ, ಕೂರ್ಗ್ ಮೆಣಸು, ಕೂರ್ಗ್ ಏಲಕ್ಕಿ, ಕೂರ್ಗ್ ಜೇನು ಅಂತ ಎಲ್ಲದಕ್ಕೂ ನಮ್ಮ ಹೆಸರು. ಒಳಗಿರುವುದು ನಮ್ಮ ತೋಟದ್ದೇನಾ? ಮೂವತ್ತು ವರ್ಷ ಮೆಣಸು ಕೊಯ್ದ ಕೈಗೆ ಎಷ್ಟೋ ಪ್ಯಾಕೆಟ್ ಮುಟ್ಟಿದ ಕೂಡಲೇ ಅನುಮಾನ ಬರುತ್ತದೆ. ಕೊಚ್ಚಿಯಲ್ಲಿ ನನಗೆ ಆದದ್ದು ಇಲ್ಲಿ ಪ್ರತಿ ಶನಿವಾರ ಯಾರಿಗೋ ಆಗುತ್ತಿದೆ, ಅದೂ ನಮ್ಮ ಹೆಸರಲ್ಲಿ ಅಂತ ನೆನೆಸಿದರೆ ನಾಚಿಕೆಯಾಗುತ್ತದೆ.

ಪ್ರವಾಸಿಗರು ಬಾರದಿರಲಿ ಅನ್ನುವವನಲ್ಲ ನಾನು. ಹೋಮ್‌ಸ್ಟೇ, ಜೀಪು, ಹೋಟೆಲು, ಇವುಗಳಿಂದ ನಮ್ಮ ಎಷ್ಟು ಮನೆಗಳ ಒಲೆ ಉರಿಯುತ್ತದೆ ಅಂತ ಗೊತ್ತು. ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಅನ್ನುವುದಷ್ಟೇ ನನ್ನ ಮಾತು. ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಮೂರೂ ಬಸ್ ಸ್ಟ್ಯಾಂಡುಗಳಲ್ಲಿ ಕನ್ನಡ, ಇಂಗ್ಲಿಷ್, ಮಲಯಾಳಂನಲ್ಲಿ ಒಂದು ದೊಡ್ಡ ಬೋರ್ಡ್ ಹಾಕಲಿ. ಯಾವ ಜಾಗ ಯಾವ ದಿನ ಮುಚ್ಚಿರುತ್ತದೆ, ಈ ವಾರ ಅಬ್ಬಿಯಲ್ಲಿ ನೀರಿದೆಯೋ ಇಲ್ಲವೋ, ದುಬಾರೆಯಲ್ಲಿ ದೋಣಿ ಬಿಟ್ಟಿದ್ದಾರೋ ಇಲ್ಲವೋ, ಭಾಗಮಂಡಲ, ತಲಕಾವೇರಿಗೆ ಕಡೇ ಬಸ್ಸು ಎಷ್ಟು ಗಂಟೆಗೆ, ಜೀಪಿಗೆ ನ್ಯಾಯವಾದ ಬಾಡಿಗೆ ಎಷ್ಟು. ವಾರಕ್ಕೊಮ್ಮೆ ಶುಕ್ರವಾರ ಒಬ್ಬರು ಬಂದು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಅಂಗಡಿಗಳಲ್ಲಿ ಕೊಡಗಿನ ಹೆಸರು ಹಾಕಿ ಮಾರುವ ಪ್ಯಾಕೆಟ್ ಮೇಲೆ ಬೆಳೆದ ಊರು ಯಾವುದು ಅಂತಲೂ ಬರೆಯಲಿ. ನಮ್ಮಂಥ ಸಣ್ಣ ಬೆಳೆಗಾರರಿಗೆ ಅದರಿಂದ ಲಾಭವೇ.

ಊರಿಗೆ ಬಂದ ಮಾರನೇ ದಿನ ವಿರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು ಸಿಕ್ಕಿದರು, ಕಲಬುರಗಿ ಕಡೆಯವರು, ಬೆನ್ನಿಗೆ ದೊಡ್ಡ ಬ್ಯಾಗು. "ಅಣ್ಣಾ, ಅಬ್ಬಿ ಫಾಲ್ಸಿಗೆ ಯಾವ ಬಸ್ರೀ?" ಅಂತ ಕೇಳಿದರು. ಈಗ ಅಲ್ಲಿ ನೀರು ತೀರಾ ಕಡಿಮೆ, ಆ ದುಡ್ಡಲ್ಲಿ ತಲಕಾವೇರಿಗೆ ಹೋಗಿ, ಬೆಳಿಗ್ಗೆಯೇ ಹೊರಟರೆ ಬೆಟ್ಟದ ಮೇಲೆ ಗಾಳಿ ಚೆನ್ನಾಗಿರುತ್ತದೆ, ಆದರೆ ವಾಪಸ್ ಬಸ್ಸಿನ ಟೈಮ್ ಇಳಿದ ಕೂಡಲೇ ಕೇಳಿಕೊಳ್ಳಿ ಅಂತ ಹೇಳಿದೆ. ಒಬ್ಬ ಹುಡುಗ ಅದನ್ನು ಕೈಯ ಮೇಲೆ ಪೆನ್ನಲ್ಲಿ ಬರೆದುಕೊಂಡ. ಎರಡು ನಿಮಿಷದ ಕೆಲಸ.

ವಿರಾಜಪೇಟೆಯ ಬೋರ್ಡಿಗೆ ಬೇಕಾದ ಹಲಗೆ, ಬಣ್ಣದ ಖರ್ಚು ನಾನು ಕೊಡುತ್ತೇನೆ. ನಮ್ಮ ತೋಟದಲ್ಲಿ ಕಡಿದ ಹಲಸಿನ ಮರದ ಹಲಗೆ ಒಣಗಿ ಸಿದ್ಧವಾಗಿದೆ. ಶುಕ್ರವಾರ ಬರೆಯುವ ಕೆಲಸವನ್ನೂ ಮೊದಲ ಆರು ತಿಂಗಳು ನಾನೇ ಮಾಡುತ್ತೇನೆ. ಅರ್ಜಿ ಯಾರಿಗೆ ಕೊಡಬೇಕು ಅನ್ನುವುದನ್ನು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಿದರೆ ಮಾರನೇ ದಿನವೇ ಹೋಗಿ ಕೊಟ್ಟು ಬರುತ್ತೇನೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ,
ವಿರಾಜಪೇಟೆ ತಾಲ್ಲೂಕು, ಕೊಡಗು