ಶನಿವಾರದ ಮಾತುಕತೆ: ಬಾಲ ಬೆಳೆಸಿಕೊಂಡ ಗ್ಯಾಲಕ್ಸಿಗಳು

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ರಾತ್ರಿ 8ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಹೋದ ಸಲ ಅರ್ಧಕ್ಕೆ ನಿಂತ ವಿಷಯವೇ: ಗುಚ್ಛದೊಳಗೆ (ಗುರುತ್ವದಿಂದ ಕೂಡಿಕೊಂಡ ಗ್ಯಾಲಕ್ಸಿಗಳ ದೊಡ್ಡ ಗುಂಪು) ಬಿದ್ದ ಗ್ಯಾಲಕ್ಸಿಯ ಪಾಡೇನು?

ನೆನಪಿಗೆ ಇಷ್ಟು. ಗುಚ್ಛದಲ್ಲಿ ಗ್ಯಾಲಕ್ಸಿಗಳ ನಡುವಿನ ಜಾಗ ಖಾಲಿಯಲ್ಲ. ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳು ಅನಿಲ ತುಂಬಿದೆ. ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸಿನ ವೇಗದಲ್ಲಿ ಗ್ಯಾಲಕ್ಸಿ ಅದರೊಳಗೆ ನುಗ್ಗಿದರೆ, ಬೈಕಿನಲ್ಲಿ ಹೋಗುವಾಗ ಮುಖಕ್ಕೆ ಗಾಳಿ ರಾಚಿದ ಹಾಗೆ ಎದುರೊತ್ತಡ. ನಕ್ಷತ್ರಗಳು ಜಗ್ಗುವುದಿಲ್ಲ. ಗ್ಯಾಲಕ್ಸಿಯ ಅನಿಲ ಮಾತ್ರ ಕಿತ್ತುಹೋಗಿ ಹಿಂದೆ ಬಾಲವಾಗುತ್ತದೆ, ಗ್ಯಾಲಕ್ಸಿಯೊಳಗೆ ಹೊಸ ನಕ್ಷತ್ರ ಹುಟ್ಟಲು ಸರಕೇ ಉಳಿಯುವುದಿಲ್ಲ. ಖಗೋಳ ವಿಜ್ಞಾನಿಗಳಾದ ಗನ್ ಮತ್ತು ಗಾಟ್ 1972ರಲ್ಲೇ ಈ ಲೆಕ್ಕ ಹಾಕಿದ್ದರು.

ಬರುವ ಮೊದಲು ಇಂಥದ್ದೇ ಬಾಲವಿರುವ ಇಎಸ್‌ಒ 137-001 ಗ್ಯಾಲಕ್ಸಿಯ ಹಬಲ್ ದೂರದರ್ಶಕದ ಚಿತ್ರವನ್ನು ದೊಡ್ಡದು ಮಾಡಿ ನೋಡಿ (ಫೋನಿನಲ್ಲಿ ಬೇಡ, ಮಜಾ ಬರಲ್ಲ). ಹೊರಕ್ಕೆ ಚಾಚಿದ ನೀಲಿ ಎಳೆಗಳು ಬಾಲದಲ್ಲೇ ಹುಟ್ಟಿದ ಎಳೆಯ ನಕ್ಷತ್ರಗಳು! ಆಮೇಲೆ ಕನ್ಯಾ ಗುಚ್ಛದ ಎನ್‌ಜಿಸಿ 4522 ಗ್ಯಾಲಕ್ಸಿಯ ಜೊತೆ ಹೋಲಿಸಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ, ಪ್ರಶ್ನೆ ಇದ್ದರೆ ಅದನ್ನೂ. ಬರೀ 👍 ಒತ್ತಿದರೆ ಎಣಿಕೆ ತಪ್ಪುತ್ತದೆ, ದಯವಿಟ್ಟು.