ಹೆಸರಲ್ಲಿ & ಇದ್ದರೆ ಕರಿ ಎಳ್ಳು, ವಿಳಾಸದಲ್ಲಿ # ಇದ್ದರೆ ಪಾರ್ಸೆಲ್ ವಾಪಸ್

ಇಂದ:
ನಿಮ್ಮ ಆನ್‌ಲೈನ್ ಅಂಗಡಿ ಸೇವೆಯ ಚಂದಾದಾರ,
ಬೆಲ್ಲದ ವ್ಯಾಪಾರ, ಮಂಡ್ಯ

ಗೆ:
ಗ್ರಾಹಕ ಸೇವೆ ಮತ್ತು ತಾಂತ್ರಿಕ ವಿಭಾಗದ ಮುಖ್ಯಸ್ಥರು

ವಿಷಯ: ಲಿಂಕ್‌ಗಳಲ್ಲಿ ಚಿಹ್ನೆಗಳನ್ನು ಸರಿಯಾಗಿ ಎಸ್ಕೇಪ್ ಮಾಡದೆ (ಅಂದರೆ % ಸಂಕೇತಕ್ಕೆ ಬದಲಿಸದೆ) ಆಗುತ್ತಿರುವ ನಷ್ಟದ ಬಗ್ಗೆ ದೂರು

ಮಾನ್ಯರೇ,

ನಮ್ಮದು ಮಂಡ್ಯದಲ್ಲಿ ಬೆಲ್ಲದ ಅಂಗಡಿ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಪುಡಿ ಬೆಲ್ಲ ಮಾರುತ್ತೇವೆ. ಸಂಕ್ರಾಂತಿ ಬಂದರೆ ಎಳ್ಳು ಬೆಲ್ಲದ ಡಬ್ಬವೂ ಇರುತ್ತದೆ. ವರ್ಷದ ಪ್ಲಾನ್‌ಗೆ ಮುಂಗಡ ಕಟ್ಟಿ ನಿಮ್ಮಲ್ಲಿ ವೆಬ್‌ಸೈಟ್ ಮಾಡಿಸಿಕೊಂಡಿದ್ದೇವೆ. ಕನ್ನಡದಲ್ಲೂ ಪೂರ್ತಿ ನಡೆಯುತ್ತದೆ ಅಂತ ನಿಮ್ಮ ಸೇಲ್ಸ್‌ನವರು ಹೇಳಿದ್ದಕ್ಕೇ ನಿಮ್ಮಲ್ಲಿಗೆ ಬಂದದ್ದು.

ನಾವು ಹೇಳಿದ ಪ್ರತಿಯೊಂದು ತೊಂದರೆಗೂ ನಿಮ್ಮವರು ಒಂದೊಂದು ಟಿಕೆಟ್ ಹಾಕಿದ್ದಾರೆ. ಒಂದನ್ನು ಬಿಟ್ಟರೆ ಎಲ್ಲದಕ್ಕೂ ಉತ್ತರ ಮಾತ್ರ ಒಂದೇ: ‘ಆ ಚಿಹ್ನೆ ತೆಗೆದುಬಿಡಿ ಸಾರ್, ಸರಿಹೋಗುತ್ತೆ.’ ಅಷ್ಟು ಹೇಳಿ ಟಿಕೆಟ್ ಮುಚ್ಚಿದ್ದಾರೆ. ಇವು ಬೇರೆ ಬೇರೆ ತೊಂದರೆ ಅಲ್ಲ, ಎಲ್ಲದರ ಬೇರು ಒಂದೇ. ಅಂಗಡಿಗೆ ಬರುವ ಮುಂಚೆ ನಾನು ಕೆಲವು ವರ್ಷ ಮೈಸೂರಿನಲ್ಲಿ ಕೋಡ್ ಬರೆದವನು. ಹಾಗಾಗಿ ‘ನಿಮ್ಮ ಇಂಟರ್‌ನೆಟ್ ಸ್ಲೋ ಇರಬೇಕು’ ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಮೊದಲು ಎಳ್ಳು ಬೆಲ್ಲದ ವಿಷಯ. ಡಬ್ಬದ ಮೇಲೆ ಅಚ್ಚಾಗಿರುವ ಹೆಸರು ‘ಎಳ್ಳು & ಬೆಲ್ಲ’. ವೆಬ್‌ಸೈಟ್‌ನಲ್ಲೂ ಅದೇ. ಮುಖಪುಟದ ಬ್ಯಾನರ್ ಒತ್ತಿದರೆ ಈ ಡಬ್ಬದ ಪುಟ ತೆರೆಯಬೇಕು. ಹಬ್ಬದ ವಾರ ಪೂರ್ತಿ ತೆರೆದದ್ದು ಕರಿ ಎಳ್ಳಿನ ಪುಟ! ಲಿಂಕ್‌ನಲ್ಲಿ & ಬಂದರೆ ಒಂದು ಮಾಹಿತಿ ಮುಗಿಯಿತು, ಇನ್ನೊಂದು ಶುರುವಾಯಿತು ಅಂತ ಸರ್ವರ್ ತಿಳಿಯುತ್ತದೆ. ಆದ್ದರಿಂದ ಹೆಸರಿನ ಒಳಗಿರುವ & ಅನ್ನು %26 ಮಾಡಿ ಕಳಿಸಬೇಕು. ನಿಮ್ಮ ಪುಟ ಅದನ್ನು ಹಾಗೇ ಕಳಿಸುತ್ತದೆ. ಸರ್ವರ್ ಕೈಗೆ ಸಿಗುವ ಹೆಸರು ‘ಎಳ್ಳು’ ಅಷ್ಟೇ, ಬೆಲ್ಲ ದಾರಿಯಲ್ಲೇ ಉದುರಿಹೋಗಿರುತ್ತದೆ. ಆಮೇಲೆ ಅದು ಎಳ್ಳು ಹುಡುಕಿ, ಪಟ್ಟಿಯಲ್ಲಿ ಮೊದಲು ಸಿಕ್ಕ ಕರಿ ಎಳ್ಳನ್ನು ತೋರಿಸುತ್ತದೆ.

ಇದು ಎಂಥ ಆಭಾಸ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಗೆ ಬೀರುವುದು ಬಿಳಿ ಎಳ್ಳು. ಕರಿ ಎಳ್ಳು ಬೇಕಾಗುವುದು ತರ್ಪಣಕ್ಕೆ. ಮೈಸೂರಿನ ಹಿರಿಯರೊಬ್ಬರು ಫೋನ್ ಮಾಡಿ, ‘ಏನಪ್ಪಾ, ಎಳ್ಳು ಬೀರೋಣ ಅಂತ ನೋಡಿದ್ರೆ ತಿಥಿ ಸಾಮಾನು ತೋರಿಸ್ತೀರಲ್ಲ’ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೆಸರಿನಿಂದ & ತೆಗೆಯಿರಿ ಅಂತ ನಿಮ್ಮಿಂದ ಉತ್ತರ ಬರುವ ಹೊತ್ತಿಗೆ ಹಬ್ಬದ ವ್ಯಾಪಾರಕ್ಕೆ ಎಳ್ಳುನೀರು ಬಿಟ್ಟಾಗಿತ್ತು.

ಇದಕ್ಕಿಂತ ಜಾಸ್ತಿ ನಷ್ಟ ಆಗಿದ್ದು # ಚಿಹ್ನೆಯಿಂದ. ಮೈಸೂರಿನ ಬಡಾವಣೆಗಳಲ್ಲಿ ಮನೆ ವಿಳಾಸ ಬರೆಯಿರಿ ಅಂದರೆ ಬಹಳ ಜನ ಮೊದಲು # ಹಾಕಿ, ಆಮೇಲೆ ಬಾಗಿಲ ನಂಬರ್, ಕ್ರಾಸ್, ಹಂತ ಬರೆಯುತ್ತಾರೆ. ಗೇಟಿನ ಕಲ್ಲಿನ ಮೇಲೂ ಹಾಗೇ ಕೆತ್ತಿಸಿರುತ್ತಾರೆ. ನಿಮ್ಮ ಆರ್ಡರ್ ಪುಟ ಕೊರಿಯರ್ ಲೇಬಲ್‌ಗೆ ಬೇಕಾದ ಮಾಹಿತಿಯನ್ನು ಲಿಂಕ್‌ನಲ್ಲೇ ಸೇರಿಸಿ ಕಳಿಸುತ್ತದೆ. ಮೊದಲು ಹೆಸರು, ಪಿನ್‌ಕೋಡ್, ಆಮೇಲೆ ವಿಳಾಸ, ಕೊನೆಗೆ ಫೋನ್. ಆದರೆ ಲಿಂಕ್‌ನಲ್ಲಿ # ಆದಮೇಲೆ ಇರುವುದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಅದು ಪುಟದ ಒಳಗಿನ ಜಾಗ ತೋರಿಸಲು ಇರುವ ಗುರುತು. %23 ಅಂತ ಬದಲಿಸಿದರೆ ಮಾತ್ರ ಅದು ವಿಳಾಸದ ಭಾಗವಾಗಿ ಹೋಗುತ್ತದೆ. ಬ್ರೌಸರ್ ಸರ್ವರ್‌ಗೆ ಏನೇನು ಕೋರಿಕೆ ಕಳಿಸಿತು ಅಂತ ತೋರಿಸುವ ನೆಟ್‌ವರ್ಕ್ ಪಟ್ಟಿ ತೆಗೆದು ನೋಡಿದೆ. ಕೋರಿಕೆ ವಿಳಾಸದ ಮುಂದಿನ = ಚಿಹ್ನೆಗೇ ನಿಂತುಹೋಗಿತ್ತು. ಮುಂದೆ ಒಂದಕ್ಷರವೂ ಇಲ್ಲ. ನಿಮ್ಮ ಸರ್ವರ್ ಲಾಗ್‌ನಲ್ಲಿ (ಬಂದ ಕೋರಿಕೆಗಳ ದಾಖಲೆಯಲ್ಲಿ) ಎಷ್ಟು ಹುಡುಕಿದರೂ ಆ ವಿಳಾಸ ಸಿಗದು, ಯಾಕೆಂದರೆ ಅದು ಅಲ್ಲಿಗೆ ಬಂದೇ ಇಲ್ಲ.

ಹೀಗಾಗಿ ಲೇಬಲ್ ಮೇಲೆ ಹೆಸರು, ಪಿನ್‌ಕೋಡ್ ಮಾತ್ರ ಅಚ್ಚಾಯಿತು. ಪಾರ್ಸೆಲ್ ಮೈಸೂರಿನ ತನಕ ಹೋಗಿ, ಕೊರಿಯರ್ ಆಫೀಸಿನಲ್ಲಿ ಬಿದ್ದಿದ್ದು, ಮಂಡ್ಯಕ್ಕೇ ವಾಪಸ್ ಬಂತು. ಫೋನ್ ನಂಬರ್ ಕೂಡ ಇಲ್ಲದ ಮೇಲೆ ಅವರಾದರೂ ಯಾರನ್ನು ಕೇಳಬೇಕು? ವಾಪಸ್ ಬಂದ ಡಬ್ಬದ ಮೂಲೆಗಳಲ್ಲಿ ಇರುವೆ ಸಾಲು ಹಿಡಿದಿತ್ತು. ಅದನ್ನು ಮತ್ತೆ ಮಾರಲು ಆಗುತ್ತದಾ? ಅದಿರಲಿ, ಜನರ ಮನೆ ವಿಳಾಸ, ಫೋನ್ ನಂಬರ್ ಎಲ್ಲ ಲಿಂಕ್‌ನಲ್ಲಿ ಯಾಕೆ ಓಡಾಡಬೇಕು? ಅವು ಬ್ರೌಸರ್ ಹಿಸ್ಟರಿಯಲ್ಲೂ ಲಾಗ್‌ಗಳಲ್ಲೂ ಉಳಿದುಬಿಡುತ್ತವೆ. ಪೋಸ್ಟ್ (POST) ವಿಧಾನದಲ್ಲಿ, ಅಂದರೆ ಲಿಂಕ್‌ನಲ್ಲಿ ಹಾಕದೆ ಕೋರಿಕೆಯ ಒಳಗಿಟ್ಟು ಕಳಿಸಬೇಕಿತ್ತು.

ಚಿಕ್ಕವು ಇನ್ನೆರಡು. ‘ಆರ್ಡರ್ ಎಲ್ಲಿದೆ’ ಪುಟದಲ್ಲಿ +91 ಸೇರಿಸಿ ಫೋನ್ ನಂಬರ್ ಕೊಟ್ಟರೆ ‘ಸಿಗಲಿಲ್ಲ’ ಅನ್ನುತ್ತದೆ, + ಅನ್ನು ಸರ್ವರ್ ಖಾಲಿ ಜಾಗ ಅಂತ ಓದಿಕೊಳ್ಳುತ್ತದೆ. ‘1/2 ಕೆಜಿ’ ಅಂತ ಇರುವ ಸರಕಿನ ಪುಟ 404, ಅಂದರೆ ‘ಪುಟ ಸಿಗಲಿಲ್ಲ’. ಅಲ್ಲಿ ತೊಂದರೆ / ಚಿಹ್ನೆಯದು.

ಈಗ ಕಾರಣಕ್ಕೆ ಬರುತ್ತೇನೆ. ನಿಮ್ಮ ಪುಟದ ಸ್ಕ್ರಿಪ್ಟ್ ಬ್ರೌಸರ್‌ನಲ್ಲಿ ಯಾರು ಬೇಕಾದರೂ ಓದಬಹುದು. ಅದರಲ್ಲಿ ಲಿಂಕ್ ಪೂರ್ತಿ ಜೋಡಿಸಿದ ಮೇಲೆ ಕೊನೆಯಲ್ಲಿ ಎನ್‌ಕೋಡ್‌ಯುಆರ್‌ಐ (encodeURI) ಅನ್ನುವ, ಚಿಹ್ನೆಗಳನ್ನು % ಸಂಕೇತಕ್ಕೆ ಬದಲಿಸುವ ಆದೇಶ ಓಡಿಸಿದ್ದೀರಿ. ಅದು ಖಾಲಿ ಜಾಗವನ್ನು %20 ಮಾಡುತ್ತದೆ, ಕನ್ನಡ ಅಕ್ಷರಗಳನ್ನೂ ಬದಲಿಸುತ್ತದೆ. ಆದರೆ &, #, +, / ಇವನ್ನು ಮುಟ್ಟುವುದಿಲ್ಲ. ಇವು ಲಿಂಕ್‌ನ ಕೀಲುಗಳು, ಮುಟ್ಟಬಾರದು ಅಂತಲೇ ಅದನ್ನು ಹಾಗೆ ಮಾಡಿರುವುದು. ಹೆಸರು, ವಿಳಾಸ, ಫೋನ್ ಇವನ್ನು ಲಿಂಕ್‌ಗೆ ಸೇರಿಸುವ ಮುಂಚೆ ಒಂದೊಂದನ್ನೂ ಬೇರೆಯಾಗಿ ಈ ಚಿಹ್ನೆಗಳನ್ನೂ ಬದಲಿಸುವ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ (encodeURIComponent) ಅನ್ನುವ ಇನ್ನೊಂದು ಆದೇಶದಿಂದ ದಾಟಿಸಬೇಕು. ಜೋಡಿಸಿದ ಮೇಲೆ ಯಾವ & ಹೆಸರಿನದು, ಯಾವ & ಲಿಂಕ್‌ನದು ಅಂತ ಯಾರಿಂದಲೂ ಹೇಳಲಾಗದು. ಹಿಟ್ಟು ಕಲಸಿದ ಮೇಲೆ ಉಪ್ಪು ಹೆಕ್ಕಿದ ಹಾಗೆ.

ನೀವು ‘ಸರಿ ಮಾಡಿದ್ದೇವೆ’ ಅಂದದ್ದು ಒಂದನ್ನು ಮಾತ್ರ. ಅದರಿಂದ ಇನ್ನೊಂದು ಕೆಟ್ಟಿದೆ. ವಾಟ್ಸಾಪ್‌ಗೆ ಕಳಿಸುವ ಬಟನ್ ಒತ್ತಿದರೆ ಕನ್ನಡ ಹೆಸರಿನ ಪುಟಗಳ ಲಿಂಕ್ ತೆರೆಯುತ್ತಿರಲಿಲ್ಲ. ಬ್ರೌಸರ್‌ನಿಂದ ತೆಗೆದುಕೊಂಡ ಲಿಂಕ್ ಆಗಲೇ ಎನ್‌ಕೋಡ್ ಆಗಿರುತ್ತದೆ, ಅಂದರೆ % ಸಂಕೇತಗಳಿಗೆ ಬದಲಾಗಿರುತ್ತದೆ. ಅದರ ಮೇಲೆ ನೀವು ಇನ್ನೊಂದು ಸಲ ಮಾಡುತ್ತಿದ್ದೀರಿ. ‘ಬೆಲ್ಲ’ ಅನ್ನುವುದರಲ್ಲಿ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತ ಇವೆ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಲಿಂಕ್‌ನಲ್ಲಿ ಒಂದೊಂದು ಬೈಟ್‌ಗೆ 3 ಚಿಹ್ನೆ. ಒಟ್ಟು 45. ಎರಡನೇ ಸಲ ಎನ್‌ಕೋಡ್ ಮಾಡಿದಾಗ ಪ್ರತಿ % ಚಿಹ್ನೆಯೂ %25 ಆಗಿ ಅದು 75ಕ್ಕೆ ಏರುತ್ತದೆ. ಸರ್ವರ್ ಒಂದು ಸಲ ಬಿಡಿಸಿದರೆ ಬೆಲ್ಲ ಸಿಗುವುದಿಲ್ಲ, ಶೇಕಡಾ ಚಿಹ್ನೆಗಳ ಸಾಲು ಸಿಗುತ್ತದೆ.

ಇದಕ್ಕೆ ಮಾಡಬೇಕಾದದ್ದು ಬಟನ್‌ನಲ್ಲಿರುವ ಎರಡನೇ ಎನ್‌ಕೋಡ್ ತೆಗೆಯುವುದು. ನಿಮ್ಮವರು ‘ಸರ್ವರ್‌ನಲ್ಲಿ ಎರಡು ಸಲ ಡಿಕೋಡ್ ಆಗುವ ಹಾಗೆ ಮಾಡಿದ್ದೇವೆ’ ಅಂತ ಮೇಲ್ ಕಳಿಸಿದರು. ಡಿಕೋಡ್ ಅಂದರೆ ಸಂಕೇತ ಬಿಡಿಸುವುದು. ಅವತ್ತಿನಿಂದ ‘100% ಕಬ್ಬಿನ ಬೆಲ್ಲ’ ಪುಟ ತೆರೆಯುತ್ತಿಲ್ಲ. ಮೊದಲ ಸಲಕ್ಕೆ %25 ಹೋಗಿ % ಬರುತ್ತದೆ. ಎರಡನೇ ಸಲಕ್ಕೆ ಆ % ಮುಂದೆ ಇರುವುದು ಖಾಲಿ ಜಾಗ, ಬಿಡಿಸಲು ಏನೂ ಇಲ್ಲ, ಅಲ್ಲಿಗೆ 400, ಅಂದರೆ ‘ಕೋರಿಕೆಯೇ ತಪ್ಪು’. ಅಚ್ಚುಕಟ್ಟಾಗಿ ನಡೆಯುತ್ತಿದ್ದ ಪುಟ ಅದು, ಸುಮ್ನೆ ಕೆಡಿಸಿದಿರಿ.

ಒಂದೇ ಪಠ್ಯವನ್ನು ಒಂದಕ್ಕಿಂತ ಹೆಚ್ಚು ಸಲ ಎನ್‌ಕೋಡ್ ಆಗಲಿ ಡಿಕೋಡ್ ಆಗಲಿ ಮಾಡಬಾರದು ಅಂತ ಲಿಂಕ್ ಬರೆಯುವ ನಿಯಮ ಹೇಳುವ 2005ರ ಆರ್‌ಎಫ್‌ಸಿ 3986 ಅನ್ನುವ ದಾಖಲೆಯಲ್ಲೇ ಇದೆ. ಅದನ್ನು ಬರೆದವರಲ್ಲಿ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಒಬ್ಬರು. ಇದು ಬರೀ ಮಡಿವಂತಿಕೆ ಅಲ್ಲ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ ಸುರಕ್ಷತೆಯ ತಪಾಸಣೆ ಮುಗಿದ ಮೇಲೆ ಇನ್ನೊಂದು ಸಲ ಡಿಕೋಡ್ ಮಾಡುತ್ತಿತ್ತು. 2001ರಲ್ಲಿ ಹರಡಿದ ನಿಮ್ಡಾ ವರ್ಮ್ (ತಾನೇ ಹರಡುವ ಕಂಪ್ಯೂಟರ್ ವೈರಸ್) ಒಳನುಗ್ಗಲು ಬಳಸಿದ ದಾರಿಗಳಲ್ಲಿ ಅದೂ ಒಂದು. ನಮ್ಮ ಗ್ರಾಹಕರ ಮಾಹಿತಿ ಇರುವ ಸರ್ವರ್‌ನಲ್ಲಿ ನೀವು ಇಂಥದ್ದನ್ನು ತೇಪೆ ಅಂತ ಹಾಕಿದ್ದೀರಿ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಎರಡನೇ ಡಿಕೋಡ್ ಇವತ್ತೇ ತೆಗೆಯಿರಿ, ಅದರ ಜೊತೆಗೇ ಹಂಚುವ ಬಟನ್ ಸರಿಮಾಡಿ. ಲಿಂಕ್ ಜೋಡಿಸುವ ಪ್ರತಿ ಜಾಗದಲ್ಲೂ ಒಂದೊಂದು ಮಾಹಿತಿಯನ್ನು ಒಂದೇ ಸಲ ಎಸ್ಕೇಪ್ ಮಾಡಿ. ಸರಿಯಾಗಿದೆ ಅಂತ ಹೇಳುವ ಮುಂಚೆ ‘ಎಳ್ಳು & ಬೆಲ್ಲ + 100% #1/2’ ಅನ್ನುವ ಹೆಸರಿನ ಒಂದು ಸರಕು ಸೇರಿಸಿ, ಹುಡುಕಿ, ಹಂಚಿ, ಆರ್ಡರ್ ಮಾಡಿ ನೋಡಿ. ಅದು ಪೂರ್ತಿ ದಾಟಿದರೆ ನಂಬುತ್ತೇನೆ. ವಾಪಸ್ ಬಂದ ಪಾರ್ಸೆಲ್‌ಗಳ ಕೊರಿಯರ್ ಖರ್ಚು ಮತ್ತು ಸಂಕ್ರಾಂತಿ ತಿಂಗಳ ಚಂದಾ ನೀವು ಕೊಡಬೇಕು. ಚಿಹ್ನೆ ತೆಗೆಯಿರಿ, ಹೆಸರನ್ನು ಇಂಗ್ಲಿಷ್‌ನಲ್ಲಿ ಹಾಕಿ ಅನ್ನುವ ಸಲಹೆ ಮಾತ್ರ ಇನ್ನು ಬೇಡ.

ಯುಗಾದಿಗೆ ‘ಬೇವು & ಬೆಲ್ಲ’ ಪ್ಯಾಕೆಟ್ ಬರಲಿದೆ. ಹೀಗೇ ಬಿಟ್ಟರೆ ನಮ್ಮ ಗ್ರಾಹಕರ ಪಾಲಿಗೆ ಬರೀ ಬೇವು ಅಷ್ಟೇ. ಹಬ್ಬಕ್ಕೆ ಮುಂಚೆ, ಯಾವ ದಿನ ಏನು ಸರಿಮಾಡುತ್ತೀರಿ ಅಂತ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಬೇಡ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ನೆಟ್‌ವರ್ಕ್ ಪಟ್ಟಿಯ ಸ್ಕ್ರೀನ್‌ಶಾಟ್, ಖಾಲಿ ಲೇಬಲ್‌ಗಳ ಫೋಟೋ, ಕೊರಿಯರ್ ಬಿಲ್ಲು, ನಿಮ್ಮವರ ಮೇಲ್ ಎಲ್ಲ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಚಂದಾದಾರ
ಮಂಡ್ಯ