ಬುಟ್ಟಿ ಮೊದಲು ಬಂತು

ಡೊಂಬಿವಲಿ,
ಆಷಾಢದ ಒಂದು ಮಳೆಗಾಲದ ಸಂಜೆ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಎರಡು ಸಲ ಉತ್ತರ ಬರೆಯಲು ಕೂತು ಎರಡೂ ಸಲ ಹರಿದು ಹಾಕಿದೆ. ಬರೇ ಸಮಾಧಾನದ ಮಾತುಗಳೇ ಬರುತ್ತಿದ್ದವು. ನೀನು ಸಮಾಧಾನ ಕೇಳಿರಲಿಲ್ಲ, ದಾರಿ ಕೇಳಿದ್ದೆ.

ದಿನಕ್ಕೆ ಆರು ಪೀರಿಯಡ್, ಒಂದು ವರ್ಗದಲ್ಲಿ 58 ಮಕ್ಕಳು, ಪೀರಿಯಡ್ಡಿಗೆ 35 ನಿಮಿಷ. ರಾತ್ರಿ ಮಕ್ಕಳು ಬರೆದ, ತಿದ್ದಲಿಕ್ಕಿರುವ ವಹಿಗಳ ರಾಶಿ ಮುಗಿಸಿ ನಿನ್ನ ಕಥೆಗೆ ಕೂತರೆ ಒಂದು ಕನ್ನಡ ವಾಕ್ಯವೂ ಏಳುವುದಿಲ್ಲ ಅಂತ ಬರೆದಿದ್ದೀಯ. ಕೊನೆಗೆ ಕೇಳಿದ್ದೀಯ: "ಅಕ್ಕೋರೇ, ಇಂಗ್ಲಿಷಿನಲ್ಲಿ ನೆಟ್ಟಗೆ ನಾಲ್ಕು ಸಾಲು ಬಾರದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಬರೆಯುವುದನ್ನು ಹೇಗೆ ಕಲಿಸಲಿ? ಇದರಲ್ಲೇ ನನ್ನ ಕನ್ನಡವೂ ಹೋಗಿಬಿಟ್ಟರೆ?"

ಮೊದಲು ನನ್ನದೊಂದು ತಪ್ಪನ್ನು ಹೇಳುತ್ತೇನೆ. ಇದನ್ನು ಇಲ್ಲಿಯತನಕ ಎಲ್ಲಿಯೂ ಬರೆದಿಲ್ಲ.

ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ನಿನ್ನಂತೆಯೇ ಮುಂಬಯಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ನಿನ್ನಂತೆಯೇ ಒಂಬತ್ತನೆಯ ಇಯತ್ತೆಯ ವರ್ಗ. 'ನನ್ನ ತಾಯಿ' ಅಂತ ವಿಷಯ ಕೊಟ್ಟಿದ್ದೆ. ಕಲಬುರ್ಗಿ ಕಡೆಯ ಒಬ್ಬ ಹುಡುಗಿ, ಹಿಂದಿನ ಬೆಂಚಿನವಳು, ಮಾತು ಬಹಳ ಕಡಿಮೆ. ಅವಳ ಅವ್ವ ಬೈಕಲಾ ಮಾರ್ಕೆಟ್ಟಿನಿಂದ ಸೊಪ್ಪು ತಂದು ಸಯನ್ ಸ್ಟೇಷನ್ನಿನ ಹೊರಗೆ ಮಾರುತ್ತಿದ್ದಳು. ಹುಡುಗಿ ಬರೆದ ಮೊದಲನೆಯ ವಾಕ್ಯ ಇದು: 'ಬಿಫೋರ್ ಮೈ ಮದರ್ ಹರ್ ಬಾಸ್ಕೆಟ್ ಈಸ್ ಕಮಿಂಗ್ ಇನ್ ಹೌಸ್.' ನಾನು ಕೆಂಪು ಪೆನ್ನಿನಿಂದ ಅದನ್ನು ಅಡ್ಡ ಹೊಡೆದು ಮೇಲೆ ಬರೆದೆ: 'ಮೈ ಮದರ್ ಕಮ್ಸ್ ಹೋಮ್ ವಿತ್ ಎ ಬಾಸ್ಕೆಟ್.' ಶುದ್ಧ ಇಂಗ್ಲಿಷು. ಹುಡುಗಿ ಅದನ್ನೇ ದುಂಡಗೆ ಮೂರು ಸಲ ತಿದ್ದಿ ಬರೆದು ತಂದು ತೋರಿಸಿದಳು. ಆಮೇಲೆ ವರ್ಷವಿಡೀ ಅವಳ ವಹಿಯಲ್ಲಿ ಅವ್ವ ಬರಲಿಲ್ಲ. ಗೈಡಿನಿಂದ ನಕಲು ಮಾಡಿದ ಪ್ರಬಂಧಗಳೇ ಬಂದವು, ನಾನೂ ಅವಕ್ಕೆ ಅಂಕ ಕೊಟ್ಟೆ.

1991ರ ಜನಗಣತಿಗೆ ನನ್ನನ್ನು ಧಾರಾವಿಯ ಒಂದು ಗಲ್ಲಿಗೆ ಹಾಕಿದ್ದರು. ಮಾಸ್ತರರಿಗೆ, ಅಕ್ಕೋರಿಗೆ ಆ ಡ್ಯೂಟಿ ತಪ್ಪಿದ್ದಲ್ಲವಲ್ಲ. ಸಂಜೆಯ ಹೊತ್ತು. ಅಲ್ಲಿ ಒಂದೇ ಕೋಣೆಯ ಮನೆಗಳು; ಕೆಳಗಿನ ಖೋಲಿಯ ಮೇಲೆ ಇನ್ನೊಂದು ಖೋಲಿ, ಹತ್ತಲು ಗೋಡೆಗೆ ಒರಗಿಸಿದ ಕಬ್ಬಿಣದ ಕಡಿದಾದ ಏಣಿ. ಒಬ್ಬ ಹೆಂಗಸು ಬಂದಳು. ತಲೆಯ ಮೇಲಿನ ಬುಟ್ಟಿ ಇಳಿಸಿ ಒಂದೇ ಕೈಯಲ್ಲಿ ಮೇಲೆತ್ತಿದಳು. ಮೇಲಿನಿಂದ ಒಂದು ಮಗು ಬಗ್ಗಿ ಅದನ್ನು ಒಳಗೆ ಎಳೆದುಕೊಂಡಿತು. ಆಮೇಲೆ ಆಕೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಅವಳು ನನ್ನ ವಿದ್ಯಾರ್ಥಿನಿಯ ತಾಯಿಯಲ್ಲ, ಬೇರೆ ಯಾರೋ. ಆದರೆ ಕೈಯಲ್ಲಿ ಗಣತಿಯ ಫಾರ್ಮು ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಅಂಥ ಮನೆಯಲ್ಲಿ ಬುಟ್ಟಿ ನಿಜವಾಗಿಯೂ ಅವ್ವನಿಗಿಂತ ಮೊದಲು ಬರುತ್ತದೆ. ಮೇಲೆ ಕಾದು ಕೂತ ಮಗುವಿನ ಕಣ್ಣಿಗೆ ಮೊದಲು ಕಾಣುವುದು ಬುಟ್ಟಿ, ಆಮೇಲೆ ಅವ್ವನ ಕೈ, ಆಮೇಲೆ ಮುಖ. ಹುಡುಗಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆದಿದ್ದಳು. ನಾನು ವ್ಯಾಕರಣ ತಿದ್ದುವ ಭರದಲ್ಲಿ ಆ ಏಣಿಯನ್ನೂ ಆ ಮಗುವನ್ನೂ ಅಳಿಸಿ ಹಾಕಿದ್ದೆ. 'ಮೈ ಮದರ್ಸ್ ಬಾಸ್ಕೆಟ್ ಕಮ್ಸ್ ಇನ್‌ಟು ದ ಹೌಸ್ ಬಿಫೋರ್ ಷಿ ಡಸ್' ಅಂತ ತಿದ್ದಿದ್ದರೆ ಇಂಗ್ಲಿಷೂ ಸರಿಯಾಗುತ್ತಿತ್ತು, ಬುಟ್ಟಿಯೂ ಮೊದಲು ಬರುತ್ತಿತ್ತು. ಅಷ್ಟಕ್ಕೆ ನನಗೆ ಬೇಕಾಗಿದ್ದದ್ದು ಒಂದು ನಿಮಿಷ, "ಯಾಕೆ ಬುಟ್ಟಿ ಮೊದಲು?" ಅಂತ ಅವಳನ್ನು ಕೇಳಲು.

ಹಾಗಾಗಿ ನಿನಗೆ ನಾನು ಹೇಳುವುದು ಇದೊಂದೇ. ವಾಕ್ಯ ತಿದ್ದುವ ಮೊದಲು ಮಗು ಏನನ್ನು ಕಂಡಿತು ಅಂತ ಕೇಳು. ಕಂಡ ಕ್ರಮ ಕೆಡದ ಹಾಗೆ ತಿದ್ದು. ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ಮಕ್ಕಳ ತಪ್ಪುಗಳಿಗೂ ಒಂದು ಲೆಕ್ಕವಿರುತ್ತದೆ. 'ಹಿ ಟೋಲ್ಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ' ಅಂತ ವರ್ಗದಲ್ಲಿ ಅರ್ಧ ಜನ ಬರೆಯುತ್ತಾರೆ, ನಿನಗೂ ಸಾಕಾಗಿರಬೇಕು. ಆದರೆ ಅದು ಎಲ್ಲಿಂದ ಬಂತು ನೋಡು. "ನಾನು ನಾಳೆ ಬರ್ತೇನೆ ಅಂತ ಹೇಳಿದ." ನಮ್ಮ ಭಾಷೆ ಆಡಿದವನ ಮಾತನ್ನು ಇದ್ದಹಾಗೇ ಇಟ್ಟು ಕೊನೆಗೊಂದು 'ಅಂತ' ಸೇರಿಸುತ್ತದೆ. ಇಂಗ್ಲಿಷು ಆ ಮಾತನ್ನು ಹೇಳುವವನ ಬಾಯಿಗೆ ತಂದುಕೊಳ್ಳುತ್ತದೆ: 'ನಾನು' ಹೋಗಿ 'ಅವನು' ಆಗುತ್ತದೆ, 'ನಾಳೆ' ಹೋಗಿ 'ಮರುದಿನ' ಆಗುತ್ತದೆ, ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬೋರ್ಡಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು ಬರೆದು ಇದನ್ನು ತೋರಿಸು. ನಿಯಮ ಬಾಯಿಪಾಠ ಮಾಡಿಸಿದರೆ ನಾಲ್ಕು ದಿನವೂ ನಿಲ್ಲುವುದಿಲ್ಲ. ಯಾರ ಬಾಯಿಂದ ಯಾರ ಬಾಯಿಗೆ ಮಾತು ಹೋಯಿತು ಅಂತ ಕಂಡ ಮಗು ಮರೆಯುವುದಿಲ್ಲ. ಮೊದಲ ಆರು ತಿಂಗಳು ಕಥೆಯಲ್ಲಿ ನೇರ ಮಾತನ್ನೇ ಬರೆಯಲು ಬಿಡು. ಉದ್ಧರಣ ಚಿಹ್ನೆ ಹಾಕುವುದೊಂದು ಬಂದರೆ ಸಾಕು. ಅದು ಅವರ ಮನೆಮಾತಿಗೆ ಹತ್ತಿರ, ಕಥೆಗೂ ಜೀವ.

ಇನ್ನೊಂದು 'ಅಂತೆ'. ನನಗೆ ಈ ಪ್ರತ್ಯಯದ ಮೇಲೆ ಬಹಳ ಪ್ರೀತಿ. "ಅಣ್ಣ ಓಡಿಹೋದ" ಅಂದರೆ ನಾನು ಕಂಡೆ. "ಅಣ್ಣ ಓಡಿಹೋದನಂತೆ" ಅಂದರೆ ಯಾರೋ ಹೇಳಿದ್ದು. ಮರಾಠಿಯಲ್ಲಿ ಇದಕ್ಕೆ 'ಮ್ಹಣೆ' ಇದೆ. ಈ ಊರಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಎರಡೂ ಗೊತ್ತು. ಇಂಗ್ಲಿಷಿನಲ್ಲಿ ಅಂಥದೊಂದು ಬಾಲ ಇಲ್ಲವಾದ್ದರಿಂದ ಪ್ರತಿ ವಾಕ್ಯದ ತುದಿಗೂ 'ಇಟ್ ಸೀಮ್ಸ್' ಹಚ್ಚುತ್ತಾರೆ: 'ಹಿ ರ‍್ಯಾನ್ ಅವೇ ಇಟ್ ಸೀಮ್ಸ್.' ಇದನ್ನು ಹೊಡೆದುಹಾಕುವ ಮೊದಲು "ಯಾರು ಹೇಳಿದರು ನಿನಗೆ?" ಅಂತ ಕೇಳು. "ಪಕ್ಕದ ಖೋಲಿಯ ಮಾವಶಿ. ನಲ್ಲಿಯ ಹತ್ತಿರ." ಹಾಗಾದರೆ ಅದನ್ನೇ ಬರೆ ಅನ್ನು. 'ಇಟ್ ಸೀಮ್ಸ್' ಇದ್ದ ಜಾಗಕ್ಕೆ ಆ ಮಾವಶಿ ಬಂದು ಕೂರುತ್ತಾಳೆ, ನಲ್ಲಿ ಬರುತ್ತದೆ, ಕೊಡದ ಸಾಲು ಬರುತ್ತದೆ. ಕಥೆಯನ್ನು ಯಾರು ಹೇಳುತ್ತಿದ್ದಾರೆ, ಅವರಿಗೆ ಎಷ್ಟು ಗೊತ್ತು, ಹೇಗೆ ಗೊತ್ತಾಯಿತು ಅನ್ನುವುದನ್ನು ದೊಡ್ಡ ದೊಡ್ಡ ಶಬ್ದಗಳಲ್ಲಿ ವಿಮರ್ಶಕರು ಕಲಿಸುತ್ತಾರೆ. ನಮ್ಮ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಆ ತಿಳಿವು ನಾಲಿಗೆಯ ಮೇಲೆಯೇ ಇದೆ. ನೀನು ಎಬ್ಬಿಸಿದರೆ ಆಯಿತು.

ಪಾಠದ ಕಥೆಗಳನ್ನು ಓದಿಸುವಾಗಲೂ ಸಾರಾಂಶಕ್ಕೆ ಅವಸರ ಮಾಡಬೇಡ. ಒಂದು ಉದಾಹರಣೆ ಕೊಡುತ್ತೇನೆ. ಬಡ ಗಂಡ ಹೆಂಡತಿ ಕ್ರಿಸ್‌ಮಸ್ಸಿಗೆ ಒಬ್ಬರಿಗೊಬ್ಬರು ಉಡುಗೊರೆ ಕೊಡಲು ತಮ್ಮ ಪ್ರೀತಿಯ ವಸ್ತುವನ್ನೇ ಮಾರಿಬಿಡುವ ಓ ಹೆನ್ರಿಯ 1905ರ ಕಥೆ ನಿನಗೆ ಗೊತ್ತಲ್ಲ. ಎಲ್ಲ ಮಾಸ್ತರರೂ ಅದರ ಕೊನೆಯನ್ನು ಕಲಿಸುತ್ತಾರೆ. ಮಕ್ಕಳು ಕೊನೆಯನ್ನೇ ಅನುಕರಿಸಿ, ತಮ್ಮ ಕಥೆಗೂ ಒಂದು ತಿರುವು ಹಚ್ಚುತ್ತಾರೆ, ಇಲ್ಲವೇ "ಅದೆಲ್ಲ ಕನಸಾಗಿತ್ತು" ಅಂತ ಮುಗಿಸುತ್ತಾರೆ. ನಾನು ಒಂದಿಡೀ ಪೀರಿಯಡ್ ಅದರ ಮೊದಲ ಸಾಲುಗಳ ಮೇಲೆಯೇ ನಿಲ್ಲುತ್ತಿದ್ದೆ. ಆ ಕಥೆ ಶುರುವಾಗುವುದೇ ಹಣದ ಲೆಕ್ಕದಿಂದ: ಒಂದು ಡಾಲರ್ 87 ಸೆಂಟು. ಅದರಲ್ಲಿ 60 ಸೆಂಟು ಬಿಡಿ ನಾಣ್ಯಗಳಲ್ಲಿ, ತರಕಾರಿಯವನ ಜೊತೆ, ಕಿರಾಣಿಯವನ ಜೊತೆ ಚೌಕಾಸಿ ಮಾಡಿ ಒಂದೊಂದಾಗಿ ಉಳಿಸಿದ್ದು. 'ಅವರು ಬಡವರು' ಅಂತ ಕಥೆಗಾರ ಮೊದಲು ಹೇಳುವುದಿಲ್ಲ, ಎಣಿಸಿ ತೋರಿಸುತ್ತಾನೆ. ಇದನ್ನು ಓದಿದ ಮೇಲೆ ಮಕ್ಕಳಿಗೆ ಹೇಳುತ್ತಿದ್ದೆ: ನಿಮ್ಮ ಮನೆಯಲ್ಲಿ ಯಾರೋ ದುಡ್ಡು ಎಣಿಸುತ್ತಿದ್ದ ಒಂದು ಹೊತ್ತನ್ನು ಬರೆಯಿರಿ. ಎಷ್ಟು, ಎಲ್ಲಿಟ್ಟಿದ್ದರು, ಯಾವ ನೋಟು, ಯಾವ ಚಿಲ್ಲರೆ. ಆ ವಾರ ಬಂದ ವಹಿಗಳನ್ನು ನಾನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ. ಅಕ್ಕಿ ಡಬ್ಬಿಯೊಳಗಿನ ನೋಟು, ಹೋಟೆಲಿನಲ್ಲಿ ಕೆಲಸ ಮಾಡುವ ಅಪ್ಪ ಅಂಗಿಯ ಒಳಕಿಸೆಯಿಂದ ತೆಗೆದ ಟಿಪ್ಸಿನ ಚಿಲ್ಲರೆ, ಊರಿಗೆ ಕಳಿಸುವ ಮನಿಆರ್ಡರಿಗೆ ಹತ್ತು ರೂಪಾಯಿ ಕಡಿಮೆ ಬಿದ್ದದ್ದು. ಇಂಗ್ಲಿಷು ತೊದಲುತ್ತಿತ್ತು, ಆದರೆ ಯಾವ ವಹಿಯೂ ಇನ್ನೊಂದರ ಹಾಗೆ ಇರಲಿಲ್ಲ.

2005ರ ಜುಲೈ 26 ನೀನು ಕಂಡಿಲ್ಲ, ಆಗ ನೀನಿನ್ನೂ ಊರಲ್ಲಿದ್ದೆ. ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಶಾಲೆ ಮತ್ತೆ ತೆರೆದಾಗ ಅದರ ಮೇಲೆಯೇ ಬರೆಸಿದೆ. ಎಲ್ಲರೂ ಬರೆದದ್ದು ಒಂದೇ: ಬಹಳ ಮಳೆ ಬಂತು, ಜನರಿಗೆ ತೊಂದರೆಯಾಯಿತು, ಆ ದಿನವನ್ನು ಎಂದೂ ಮರೆಯಲಾರೆ. ವಹಿಗಳನ್ನು ಅಂಕವಿಲ್ಲದೆ ಹಿಂದೆ ಕೊಟ್ಟು, "ನೀರು ನಿಮ್ಮ ಮನೆಯೊಳಗೆ ಮೊದಲು ಯಾವುದನ್ನು ಮುಟ್ಟಿತು?" ಅಂತ ಕೇಳಿದೆ. ಕುರ್ಲಾ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಬರೆದ. ಕರೆಂಟು ಹೋಗಿತ್ತು. ಅವರೆಲ್ಲ ಮಾಳಿಗೆಯ ಮೇಲೆ ಕೂತಿದ್ದರು. ಕೆಳಗೆ ಕತ್ತಲಲ್ಲಿ ಗ್ಯಾಸ್ ಸಿಲಿಂಡರ್ ತೇಲುತ್ತ ಗೋಡೆಗೆ ಬಡಿಯುತ್ತಿತ್ತು. ಬಾಗಿಲು ತಟ್ಟುತ್ತಿದ್ದಾರೆ ಅಂದುಕೊಂಡು ಅವನ ಅಜ್ಜಿ "ಯಾರಪ್ಪಾ?" ಅಂದಳು. ಅವನು ಓದಿ ಮುಗಿಸಿದ ಮೇಲೆ ವರ್ಗದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕನ್ನಡದ ಭಾಗವನ್ನು ಇಂಗ್ಲಿಷಿಗೆ ತರಲು ಇಡೀ ವರ್ಗ ಎರಡು ಪೀರಿಯಡ್ ದುಡಿಯಿತು. 'ಯಾರಪ್ಪಾ'ದೊಳಗಿನ ಆ 'ಅಪ್ಪಾ'ವನ್ನು ಏನು ಮಾಡುವುದು ಅನ್ನುವ ಚರ್ಚೆ ಗಂಟೆ ಹೊಡೆದ ಮೇಲೂ ನಡೆದಿತ್ತು. ಕಡೆಗೆ ಅದನ್ನು ಹಾಗೆಯೇ ಉಳಿಸಿದೆವು.

ಪರೀಕ್ಷೆಯ ವಿಷಯ ಹೆಚ್ಚು ಹೇಳುವುದಿಲ್ಲ, ನಿನಗೇ ಗೊತ್ತು. ಹತ್ತನೆಯ ಬೋರ್ಡಿನಲ್ಲಿ ಇಂಗ್ಲಿಷಿನ 80 ಅಂಕದ ಲಿಖಿತ ಪತ್ರಿಕೆಯಲ್ಲಿ ಕಥೆ ಬೆಳೆಸುವ ಪ್ರಶ್ನೆಗೆ 5 ಅಂಕ. ಕೊಟ್ಟ ಆರಂಭ ಬಿಡದಿರುವುದು, ಭೂತಕಾಲ ತಪ್ಪದಿರುವುದು, ಒಂದು ಶೀರ್ಷಿಕೆ: ಇವನ್ನು ದೀಪಾವಳಿ ರಜೆಯ ನಂತರ ಎರಡು ವಾರ ಅಭ್ಯಾಸ ಮಾಡಿಸು, ಸಾಕು. ವರ್ಷವಿಡೀ ಸ್ವಂತದ್ದನ್ನು ಬರೆದ ಮಕ್ಕಳು ಆ ಐದು ಅಂಕಕ್ಕೆ ಹೆದರುವುದಿಲ್ಲ.

ವಹಿಗಳ ರಾಶಿಗೆ ಒಂದು ಉಪಾಯವಿದೆ. 58ನ್ನೂ ಒಂದೇ ರಾತ್ರಿ ತಿದ್ದಬೇಡ. ದಿನಕ್ಕೆ ಹತ್ತು ತಗೋ, ಪ್ರತಿಯೊಂದರಲ್ಲೂ ಒಂದೇ ಜಾತಿಯ ತಪ್ಪನ್ನು ತಿದ್ದು, ಒಂದು ವಾಕ್ಯದ ಕೆಳಗೆ ಗೆರೆ ಎಳೆದು "ಇದನ್ನು ನಾನು ಕಂಡೆ" ಅಂತ ಬರೆ. ನಾನು ಕೊನೆಯ ಹದಿನೈದು ವರ್ಷ ಕೆಂಪು ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಮಗುವಿಗೆ ನನ್ನ ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ಅಳಿಸುವ ಹಕ್ಕೂ ಇರಲಿ ಅಂತ. ಮತ್ತೆ, ಅವರು ಬರೆಯುವಾಗ ನೀನೂ ಬರೆ, ಬೋರ್ಡಿನ ಮೇಲೆ, ಅವರೆದುರಿಗೇ. ಹೊಡೆದುಹಾಕು, ಮತ್ತೆ ಬರೆ, ಶಬ್ದ ಸಿಗದೆ ಒಂದು ನಿಮಿಷ ಸುಮ್ಮನೆ ನಿಲ್ಲು. ಮಾಸ್ತರರಿಗೂ ವಾಕ್ಯ ಒಂದೇ ಏಟಿಗೆ ಬರುವುದಿಲ್ಲ ಅನ್ನುವುದನ್ನು ಅನೇಕ ಮಕ್ಕಳು ಆ ದಿನವೇ ಮೊದಲು ಕಾಣುತ್ತಾರೆ.

ನಿನ್ನ ಕನ್ನಡದ ಭಯಕ್ಕೆ ಬರುತ್ತೇನೆ. ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟರು. ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಹೇಳಿದವರೇ. ಅವರ ಕನ್ನಡ ಎಲ್ಲಿಗೂ ಹೋಗಲಿಲ್ಲ. ನೀನು ಮಾಟುಂಗಾದ ಕರ್ನಾಟಕ ಸಂಘದಲ್ಲಿ ಓದಿದ ಆ ಕಥೆಯನ್ನು ನಾನು ಮರೆತಿಲ್ಲ. ಆದರೆ ಅದರಲ್ಲಿ ಮುಂಬಯಿ ಹೆಸರಿಗೆ ಮಾತ್ರ ಇತ್ತು: ಸ್ಟೇಷನ್ನುಗಳ ಹೆಸರು, ಗರ್ದಿ, ಒಂಟಿತನ. ಆವತ್ತೇ ಹೇಳಬೇಕಿತ್ತು, ಸಭೆಯಲ್ಲಿ ಬೇಡವೆಂದು ಸುಮ್ಮನಾದೆ. ಈಗ ನಿನ್ನ ಎದುರು ದಿನಾ 58 ಮನೆಗಳು ಬಂದು ಕೂರುತ್ತವೆ. ಅವರ ಕಥೆಗಳನ್ನು ನೀನು ಎತ್ತಿಕೊಳ್ಳಬೇಡ, ಅದು ಕಳವು. ಅವು ಅವರವೇ ಆಗಿ ಉಳಿಯಲಿ. ಆದರೆ ಅವರಿಗೆ ಕೇಳುವ ಪ್ರಶ್ನೆಗಳನ್ನೇ ರಾತ್ರಿ ನಿನ್ನ ಹಾಳೆಗೂ ಕೇಳು. ನೀರು ಮೊದಲು ಯಾವುದನ್ನು ಮುಟ್ಟಿತು? ಇದನ್ನು ನಿನಗೆ ಯಾರು ಹೇಳಿದರು? ದಣಿದ ದಿನ ಎರಡೇ ವಾಕ್ಯ ಬರಲಿ. ನಾನು ನನ್ನ ಮೊದಲನೆಯ ಸಂಕಲನದ ಅರ್ಧವನ್ನು ಹಾಗೆ ದಿನಕ್ಕೆ ಎರಡು ವಾಕ್ಯದಂತೆಯೇ ಬರೆದೆ, ದಾದರದಿಂದ ಡೊಂಬಿವಲಿಯವರೆಗೆ ಮನಸ್ಸಿನಲ್ಲಿ ಹಿಡಿದುಕೊಂಡು ಬಂದು.

ಈ ವಾರ ವರ್ಗದಲ್ಲಿ ಒಂದು ಕೆಲಸ ಮಾಡು. 'ಇವತ್ತು ನಮ್ಮ ಮನೆಯೊಳಗೆ ಮೊದಲು ಏನು ಬಂತು' ಅಂತ ಐದು ವಾಕ್ಯ ಬರೆಸು. ಗೊತ್ತಿಲ್ಲದ ಶಬ್ದವನ್ನು ಕನ್ನಡದಲ್ಲೇ ಬರೆಯಲಿ. ನೀನು ತಿದ್ದಲು ಹೋಗಬೇಡ, ಹತ್ತು ವಹಿ ಚೀಲದಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಾ, ಕೂಡಿ ಓದೋಣ. ನೀರ್ದೋಸೆ ಮಾಡಿರುತ್ತೇನೆ. ಭಾನುವಾರ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ಶನಿವಾರ ಸಂಜೆಯೇ ಹೊರಟುಬಿಡು, ರಾತ್ರಿ ಇಲ್ಲೇ ಉಳಿಯಬಹುದು.

ಇತಿ ನಿನ್ನ
ಅಕ್ಕೋರು